ತಂದೆತಾಯಿಗಳನ್ನು ಸಭೆಯೊಳಗೆ ಉಳಿಸಿಕೊಳ್ಳುವುದು: ಆಟಿಸಂ ಮತ್ತು ಯೋಹಾನ 9

ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ಕುರಿತು ಪ್ರಸಂಗಿಸುವಾಗ ನಮ್ಮ ದೃಷ್ಟಿ ಸಾಮಾನ್ಯವಾಗಿ ಹುಟ್ಟುಕುರುಡನ ಮೇಲೂ ಫರಿಸಾಯರ ಮೇಲೂ ನೆಲೆಸುತ್ತದೆ. ಅವನ ತಂದೆತಾಯಿಗಳನ್ನು ಗಮನಿಸುವುದು ಅಪರೂಪ. ಆದರೆ ಈ ಅಧ್ಯಾಯದಲ್ಲಿ ಅವರು ಎರಡು ಬಾರಿ ಮುನ್ನೆಲೆಗೆ ಬರುತ್ತಾರೆ. ಮೊದಲು, ಶಿಷ್ಯರ ಪ್ರಶ್ನೆಯೊಂದರಲ್ಲಿ ಪಾಪದ ಆಪಾದನೆಗೆ ಗುರಿಯಾಗುತ್ತಾರೆ. ಬಳಿಕ, 18ರಿಂದ 23ನೆಯ ವಚನಗಳಲ್ಲಿ, ಧಾರ್ಮಿಕ ಅಧಿಕಾರಿಗಳ ಮುಂದೆ ವಿಚಾರಣೆಗೆ ನಿಂತು, ಸಭಾಮಂದಿರದಿಂದ ಹೊರಹಾಕಲ್ಪಡುವ ಭಯದಿಂದ ಮಾತನ್ನು ನುಂಗಿಕೊಳ್ಳುತ್ತಾರೆ. ಆಪಾದನೆ ಮತ್ತು ಹೊರಗಾಗುವ ಭಯ, ಇವೆರಡನ್ನೂ ಆಟಿಸಂ ಇರುವ ಮಕ್ಕಳ ತಂದೆತಾಯಿಗಳು ಇಂದಿಗೂ ಬಲ್ಲರು.

ಸ್ವಲೀನತೆ ಎಂದೂ ಕರೆಯಲಾಗುವ ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಭಿನ್ನತೆ. ಇದು ಎಲ್ಲರಲ್ಲಿಯೂ ಒಂದೇ ಬಗೆಯಾಗಿರುವುದಿಲ್ಲ. ಕೆಲವು ಮಕ್ಕಳು ಮಾತೇ ಆಡುವುದಿಲ್ಲ. ಕೆಲವರು ನಿರರ್ಗಳವಾಗಿ ಮಾತನಾಡಿದರೂ ಇತರರ ಇಂಗಿತವನ್ನು ಗ್ರಹಿಸಲು ಕಷ್ಟಪಡುತ್ತಾರೆ. ಅನೇಕರಿಗೆ ಧ್ವನಿವರ್ಧಕದ ಸದ್ದು, ಜನಸಂದಣಿ, ಅನಿರೀಕ್ಷಿತ ಸ್ಪರ್ಶ ಇವು ಸಹಿಸಲಾಗದ ಯಾತನೆ. ಆರಾಧನೆಯ ನಡುವೆ ಕಿವಿ ಮುಚ್ಚಿಕೊಂಡು ಕಿರುಚುವ ಮಗು ಹಟ ಮಾಡುತ್ತಿಲ್ಲ, ನೋಯುತ್ತಿದೆ. ಇದನ್ನರಿಯದ ಸಭೆಯು ತಿರುಗಿ ನೋಡುತ್ತದೆ. ಆ ಕುಟುಂಬ ಮೊದಲು ಹಿಂದಿನ ಬೆಂಚಿಗೆ, ಅನಂತರ ಬಾಗಿಲಿನ ಹೊರಗೆ ಸರಿಯುತ್ತದೆ. ಕೊನೆಗೆ ಬರುವುದನ್ನೇ ನಿಲ್ಲಿಸುತ್ತದೆ. ಅವರನ್ನು ಯಾರೂ ಬಹಿಷ್ಕರಿಸಿರುವುದಿಲ್ಲ. ಆದರೂ ಅವರು ಹೊರಗಾಗಿರುತ್ತಾರೆ.

ತಂದೆತಾಯಿಗಳನ್ನು ದೂಷಿಸುವ ತಪ್ಪನ್ನು ವಿಜ್ಞಾನವೂ ಮಾಡಿತ್ತು. 1943ರಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಅಧ್ಯಯನ ಮಾಡಿ ಈ ಸ್ಥಿತಿಯನ್ನು ವಿವರಿಸಿದ ಬಳಿಕ, ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ಅಭಿಪ್ರಾಯ ದಶಕಗಳ ಕಾಲ ಪ್ರಬಲವಾಗಿತ್ತು. ಅದನ್ನು ಪ್ರಶ್ನಿಸಿದವರಲ್ಲಿ ತಂದೆತಾಯಿಗಳೇ ಮುಂಚೂಣಿಯಲ್ಲಿದ್ದರು. ಆಟಿಸಂ ಇದ್ದ ಮಗನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರ ತಮ್ಮ ಗ್ರಂಥದಲ್ಲಿ ಆ ವಾದವನ್ನು ಖಂಡಿಸಿದರು. 1962ರಲ್ಲಿ ಬ್ರಿಟನ್ನಿನಲ್ಲಿ, 1965ರಲ್ಲಿ ಅಮೆರಿಕದಲ್ಲಿ ಪೋಷಕರು ಸಂಘಟಿತರಾದರು. ನಮ್ಮ ದೇಶದಲ್ಲಿ 1991ರಲ್ಲಿ ದೆಹಲಿಯಲ್ಲಿ ಆರಂಭವಾದ ಆಕ್ಷನ್ ಫಾರ್ ಆಟಿಸಂ ಸಂಸ್ಥೆಯ ಸ್ಥಾಪಕರಾದ ಮೆರಿ ಬರುವಾ ಅವರೂ ಒಬ್ಬ ತಾಯಿಯೇ. ಒಂಟಿಯಾಗಿದ್ದಾಗ ಅಪರಾಧಿಗಳಂತೆ ತಲೆತಗ್ಗಿಸಿದವರು ಒಟ್ಟುಗೂಡಿದಾಗ ಸತ್ಯಕ್ಕೆ ಸಾಕ್ಷಿಗಳಾದರು.

ಶಿಷ್ಯರ ಪ್ರಶ್ನೆಗೆ ಕರ್ತನು ಕೊಟ್ಟ ಉತ್ತರವು ಮಗನನ್ನೂ ತಂದೆತಾಯಿಗಳನ್ನೂ ಆಪಾದನೆಯಿಂದ ಏಕಕಾಲದಲ್ಲಿ ಬಿಡಿಸುತ್ತದೆ. ಇಲ್ಲಿ ಬೋಧಕರಿಗೆ ಒಂದು ಎಚ್ಚರಿಕೆ ಅವಶ್ಯ. ಆ ಅಧ್ಯಾಯದಲ್ಲಿ ಕುರುಡನಿಗೆ ದೃಷ್ಟಿ ಬಂದಿತೆಂಬ ಕಾರಣಕ್ಕೆ, ನಂಬಿಕೆಯಿದ್ದರೆ ಆಟಿಸಂ ಮಾಯವಾಗುವುದೆಂದು ಬೋಧಿಸಬಾರದು. ಹಾಗೆ ಬೋಧಿಸಿದರೆ ಕರ್ತನು ತಳ್ಳಿಹಾಕಿದ ಆಪಾದನೆಯನ್ನು, ಪಾಪದ ಬದಲು ಅಲ್ಪವಿಶ್ವಾಸವೆಂಬ ಹೆಸರಿನಲ್ಲಿ, ನಾವೇ ಮರಳಿ ಹೊರಿಸಿದಂತಾಗುತ್ತದೆ. ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಎಲ್ಲರೆದುರು ನಿಲ್ಲಿಸಿ ಸ್ವಸ್ಥತೆಗಾಗಿ ಪ್ರಾರ್ಥಿಸುವುದೂ ಅದೇ ಗಾಯವನ್ನು ಕೆರಳಿಸುತ್ತದೆ.

ಹಾಗಾದರೆ ಸಭೆ ಏನು ಮಾಡಬಹುದು? ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದ ನಾಲ್ವರ ಮಾದರಿ ನಮ್ಮ ಮುಂದಿದೆ. ದಾರಿ ಇಲ್ಲದ ಕಡೆ ಅವರು ಮಾಳಿಗೆಯನ್ನೇ ತೆಗೆದು ದಾರಿ ಮಾಡಿದರು. ಸಭಾಪಾಲಕರು ಮೊದಲು ಆ ಕುಟುಂಬದ ಮನೆಗೆ ಹೋಗಿ, ಉಪದೇಶಿಸದೆ, ಕೇಳಿಸಿಕೊಳ್ಳಲಿ. ಧ್ವನಿವರ್ಧಕದ ಸದ್ದನ್ನು ತಗ್ಗಿಸುವುದು, ಶಾಂತವಾದ ಒಂದು ಕೋಣೆಯನ್ನು ತೆರೆದಿಡುವುದು, ಆರಾಧನೆಯ ಕ್ರಮವನ್ನು ಚಿತ್ರಗಳ ಮೂಲಕ ಮಗುವಿಗೆ ಮುಂಚಿತವಾಗಿ ತಿಳಿಸುವುದು ಹೆಚ್ಚು ವೆಚ್ಚದ ಕೆಲಸಗಳಲ್ಲ. ಮಗುವಿಗೆ ಪರಿಚಿತರಾದ ಇಬ್ಬರು ಸರದಿಯಂತೆ ಅದರೊಡನೆ ಕುಳಿತರೆ ತಂದೆತಾಯಿಗಳು ಜೊತೆಯಾಗಿ ಕರ್ತನ ಮೇಜಿನ ಬಳಿಗೆ ಬರಬಹುದು. ಒಂದು ಸಭೆಯಲ್ಲಿ ಇಂತಹ ಕುಟುಂಬ ಒಂದೇ ಇರಬಹುದು; ಆದುದರಿಂದ ನೆರೆಯ ಸಭೆಗಳು ಕೂಡಿ, ಧರ್ಮಭೇದವಿಲ್ಲದೆ ಊರಿನ ಇತರ ಪೋಷಕರನ್ನೂ ಕರೆದು, ತಿಂಗಳಿಗೊಮ್ಮೆ ಸೇರಲು ಸ್ಥಳ ಕೊಡಲಿ. ಅದೇ ದಾರಿಯಲ್ಲಿ ನಡೆದ ಇನ್ನೊಬ್ಬ ತಾಯಿಯ ಮಾತಿನಲ್ಲಿರುವ ಸಾಂತ್ವನವನ್ನು ನಮ್ಮ ಪ್ರಸಂಗವು ಕೊಡಲಾರದು.

ವಯಸ್ಸಾಗುತ್ತಿರುವ ತಂದೆತಾಯಿಗಳನ್ನು ಕಾಡುವ ಪ್ರಶ್ನೆ ಒಂದೇ: ನಮ್ಮ ಕಾಲಾನಂತರ ಈ ಮಗುವಿಗೆ ಯಾರು ದಿಕ್ಕು? 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಹದಿನೆಂಟು ವರ್ಷ ದಾಟಿದವರಿಗೆ ಸ್ಥಳೀಯ ಸಮಿತಿಯ ಮೂಲಕ ಪಾಲಕರನ್ನು ನೇಮಿಸಲು ಅವಕಾಶ ಕೊಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಇವನ್ನು ತಿಳಿದು, ಕಚೇರಿಗೆ ಜೊತೆಯಲ್ಲಿ ಹೋಗುವುದು ಕೂಡ ಪಾಲನಾಸೇವೆಯೇ. ಆದರೆ ಕಾಯಿದೆ ಪಾಲಕರನ್ನು ನೇಮಿಸಬಲ್ಲದೇ ಹೊರತು ಬಂಧುಗಳನ್ನು ಕೊಡಲಾರದು. ದೀಕ್ಷಾಸ್ನಾನದ ದಿನ ಆ ಮಗುವನ್ನು ತನ್ನದೆಂದು ಸ್ವೀಕರಿಸಿದ ಸಭೆಯು, ಮಗು ನಲವತ್ತು ವರ್ಷದವನಾದಾಗಲೂ ಅವನನ್ನು ಹೆಸರು ಹಿಡಿದು ಕರೆಯುವಂತಿರಬೇಕು. ತಂದೆತಾಯಿಗಳು ಅದನ್ನು ತಮ್ಮ ಜೀವಿತಕಾಲದಲ್ಲಿಯೇ ಕಣ್ಣಾರೆ ಕಾಣುವಂತಾಗಲಿ.