ಊರಿಗೆ ವಿಮಾನವೋ, ರೈಲೋ? ಸೀಟು ಸಿಕ್ಕರೆ ರೈಲೇ ಸೈ

ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ, ಕುಟುಂಬದ ಮನೆಯಲ್ಲಿ ನೇಮ, ಅಕ್ಕನ ಮಗಳ ಮದುವೆ. ಆಮಂತ್ರಣ ಪತ್ರಿಕೆ ಕೈಸೇರಿದ ದಿನವೇ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ: ಹೋಗುವುದು ಹೇಗೆ? ರೈಲಿನಲ್ಲಿ ವೈಟಿಂಗ್ ಲಿಸ್ಟ್, ವಿಮಾನದಲ್ಲಿ ಹಬ್ಬದ ದಿನಗಳ ದುಬಾರಿ ದರ. ಮನೆಮಂದಿಯೆಲ್ಲ ಹೋಗಬೇಕೆಂದಿದ್ದ ಕಡೆ ಕೊನೆಗೆ ಒಬ್ಬರೇ ಹೋಗಿ ಬರುವುದೂ ಉಂಟು.

ಹತ್ತಿರದ ಊರುಗಳಿಗೆ ವಿಮಾನದ ಬದಲು ರೈಲು ಎಂಬ ಮಾತು ಈಗ ಜಗತ್ತಿನ ಹಲವೆಡೆ ಕೇಳಿಬರುತ್ತಿದೆ. ವಿಮಾನ ಮೇಲೇರುವಾಗಲೇ ಹೆಚ್ಚು ಇಂಧನ ಉರಿಯುವುದರಿಂದ, ದೂರ ಕಡಿಮೆಯಾದಷ್ಟೂ ಕಿಲೋಮೀಟರಿಗೆ ತಗಲುವ ಇಂಧನ ಜಾಸ್ತಿ. ಈ ಕಾರಣದಿಂದ ಫ್ರಾನ್ಸ್ 2021ರಲ್ಲಿ ಕಾನೂನನ್ನೇ ಮಾಡಿತು. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಊರಿಗೆ ವಿಮಾನ ಹಾರಿಸಬಾರದು ಎಂಬುದು ಅದರ ಸಾರ. ನಾಗರಿಕರ ಸಮಾವೇಶವೊಂದು ನಾಲ್ಕು ಗಂಟೆಯ ಮಿತಿ ಕೇಳಿತ್ತು. ಸರ್ಕಾರ ಅದನ್ನು ಎರಡೂವರೆಗೆ ಇಳಿಸಿತು. 2023ರ ಮೇ ತಿಂಗಳಲ್ಲಿ ಆದೇಶ ಹೊರಬಿದ್ದಾಗ ಅದು ತಟ್ಟಿದ್ದು ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಬೋರ್ಡೊ, ನಾಂಟ್, ಲಿಯೋನ್ ಎಂಬ ಮೂರೇ ಮಾರ್ಗಗಳಿಗೆ.

ತೈವಾನ್‌ನಲ್ಲಿ ಇಂಥ ನಿಷೇಧದ ಅಗತ್ಯವೇ ಬೀಳಲಿಲ್ಲ. 2007ರಲ್ಲಿ ಅಲ್ಲಿ ಅತಿವೇಗದ ರೈಲು ಬಂತು. ತೈಪೆ-ಕಾವೊಸಿಯುಂಗ್ ವಿಮಾನಗಳು ಪ್ರಯಾಣಿಕರಿಲ್ಲದೆ 2012ರ ಹೊತ್ತಿಗೆ ತಾವಾಗಿಯೇ ನಿಂತವು. ಹೊತ್ತಿಗೆ ಸರಿಯಾಗಿ ರೈಲು, ಅದರಲ್ಲಿ ಕೂರಲು ಜಾಗ, ಇವೆರಡಿದ್ದರೆ ಜನ ತಾವಾಗಿಯೇ ರೈಲು ಹತ್ತುತ್ತಾರೆ.

ಕರಾವಳಿಯವರ ಲೆಕ್ಕ

ಮುಂಬಯಿ-ಮಂಗಳೂರು ಮಾರ್ಗಕ್ಕೆ ಫ್ರಾನ್ಸಿನ ಅಳತೆಗೋಲು ಹೊಂದದು. ವಿಮಾನಕ್ಕೆ ಸುಮಾರು ಒಂದೂವರೆ ಗಂಟೆ, ರೈಲಿಗೆ ಹದಿನೈದು ಗಂಟೆಯ ಆಸುಪಾಸು. ಆದರೆ ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಚಿತ್ರ ಬೇರೆ. ಡೊಂಬಿವಲಿಯಿಂದ ಸಹಾರ್ ವಿಮಾನ ನಿಲ್ದಾಣ ಮುಟ್ಟಲು ಒಂದೂವರೆ-ಎರಡು ಗಂಟೆ, ಅಲ್ಲಿ ಎರಡು ಗಂಟೆ ಮೊದಲೇ ಹಾಜರಿ, ಇಳಿದ ಮೇಲೆ ಸಾಮಾನಿಗಾಗಿ ಕಾಯುವಿಕೆ, ಬಜಪೆಯಿಂದ ಉಡುಪಿಗೆ ಮತ್ತೆ ಒಂದೂವರೆ ಗಂಟೆ. ಹೀಗೆ ಏಳು ಗಂಟೆ ಕಳೆಯುತ್ತದೆ, ಅದೂ ಹಗಲಿನ ಹೊತ್ತು. ಮಧ್ಯಾಹ್ನ ಕುರ್ಲಾ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ಥಾಣೆ, ಪನ್ವೇಲ್‌ನಲ್ಲಿ ಜನರನ್ನು ಹತ್ತಿಸಿಕೊಂಡು, ರಾತ್ರಿ ನಿದ್ದೆಯಲ್ಲಿ ಕಳೆದು ಬೆಳಗಾಗುವಾಗ ಊರು ಮುಟ್ಟಿಸುತ್ತದೆ. ಕಾರವಾರ, ಕುಮಟಾ, ಭಟ್ಕಳ, ಕುಂದಾಪುರದವರಿಗಂತೂ ಬಜಪೆಗೆ ಹೋಗಿ ಹಿಂದಕ್ಕೆ ಬರುವ ಪಾಡಿಲ್ಲ. 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ನವಿಮುಂಬಯಿ ವಿಮಾನ ನಿಲ್ದಾಣ ಪನ್ವೇಲ್ ಕಡೆಯವರ ದಾರಿಯನ್ನು ತುಸು ಕಡಿಮೆ ಮಾಡಬಹುದು. ಆದರೂ ಅಜ್ಜ-ಅಜ್ಜಿ, ಮಕ್ಕಳು, ತೆಂಗಿನಕಾಯಿ-ಕುಚ್ಚಲಕ್ಕಿಯ ಚೀಲ ಎಲ್ಲವನ್ನೂ ಹೊತ್ತು ತರುವ ಗಾಡಿ ರೈಲು ಮಾತ್ರ.

ಈ ಸೌಕರ್ಯ ಸುಮ್ಮನೆ ಬಂದದ್ದಲ್ಲ. ಹಿಂದೆ ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವುದೆಂದರೆ ದೇಶ ಸುತ್ತಿದಂತೆ: 2,041 ಕಿ.ಮೀ., 41 ಗಂಟೆ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಸಹ್ಯಾದ್ರಿಯ ಬಂಡೆ ಕೊರೆದು, ಹೊಳೆಗಳಿಗೆ ಸೇತುವೆ ಕಟ್ಟಿ ಹಾಕಿದ ರೋಹಾ-ತೋಕೂರು ನಡುವಿನ 741 ಕಿ.ಮೀ. ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಿತು. ದೂರ 914 ಕಿ.ಮೀ.ಗೆ ಇಳಿಯಿತು. 2022ರಲ್ಲಿ ಇಡೀ ಮಾರ್ಗದ ವಿದ್ಯುದೀಕರಣ ಮುಗಿಯಿತು. ನಮ್ಮ ವಿದ್ಯುತ್ತಿನ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತದೆ ಎಂಬುದು ನಿಜ. ಆದರೆ ಸಾವಿರಕ್ಕೂ ಮಿಕ್ಕ ಜನರನ್ನು ಒಮ್ಮೆಗೇ ಒಯ್ಯುವ ರೈಲಿನಲ್ಲಿ ತಲಾ ಲೆಕ್ಕ ವಿಮಾನಕ್ಕಿಂತ ಎಷ್ಟೋ ಕಡಿಮೆ.

ಒಂಟಿ ಹಳಿಯ ಸಂಕಟ

ಹಾಗಾದರೆ ಜನ ವಿಮಾನ ಹತ್ತುವುದೇಕೆ? ರೈಲಿನಲ್ಲಿ ಸೀಟಿಲ್ಲ. ರೋಹಾ-ವೀರ್ ನಡುವಣ ಸುಮಾರು 46 ಕಿ.ಮೀ. ಜೋಡಿ ಹಳಿ 2021ರಲ್ಲಿ ಆದುದನ್ನು ಬಿಟ್ಟರೆ ಕೊಂಕಣ ಮಾರ್ಗದ ಬಹುಭಾಗ ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಈ ಗಾಡಿ ನಿಲ್ಲಬೇಕು. ಹೊಸ ಗಾಡಿ ಓಡಿಸಲು ಜಾಗವಿಲ್ಲ. ಮಳೆಗಾಲದಲ್ಲಿ ವೇಗ ಕಡಿತ ಬೇರೆ. 2024ರ ಜುಲೈಯಲ್ಲಿ ಖೇಡ್ ಬಳಿ ಗುಡ್ಡ ಕುಸಿದು ಸುಮಾರು ಒಂದು ದಿನ ಸಂಚಾರವೇ ನಿಂತಿತ್ತು. 2023ರಲ್ಲಿ ಮುಂಬಯಿ-ಮಡಗಾಂವ್ ಮತ್ತು ಮಂಗಳೂರು-ಮಡಗಾಂವ್ ವಂದೇ ಭಾರತ್ ಗಾಡಿಗಳು ಬೇರೆ ಬೇರೆಯಾಗಿ ಆರಂಭವಾದವು. ಮುಂಬಯಿಗರಿಗೆ ಬೇಕಾದುದು ನೇರ ಗಾಡಿ.

ಜೋಡಿ ಹಳಿಗೆ ದೊಡ್ಡ ಬಂಡವಾಳ ಬೇಕು. ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಿದರೆ ಹಣ ಒದಗೀತೆಂಬ ಆಶಯ ಬಹಳ ಕಾಲದ್ದು. ಅದಕ್ಕೆ ಮಹಾರಾಷ್ಟ್ರ ಸರ್ಕಾರವೂ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಸೂಚಿಸಿತು. ಹಿರಿಯರಿಗೆ ಸಿಗುತ್ತಿದ್ದ ಟಿಕೇಟು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಅರುವತ್ತು ದಾಟಿದ ಗಂಡಸರಿಗೆ ಶೇ. 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ. 50ರ ಆ ರಿಯಾಯಿತಿ, ನಿವೃತ್ತ ಹೋಟೆಲ್ ಕಾರ್ಮಿಕರಂಥವರಿಗೆ ಸಣ್ಣ ಮೊತ್ತವೇನಲ್ಲ.

ಸಂಘಗಳು ಮಾಡಬಹುದಾದದ್ದು

ಜೋಡಿ ಹಳಿ, ನೇರ ಹಗಲು ಗಾಡಿ, ಹಿರಿಯರ ರಿಯಾಯಿತಿ. ಈ ಮೂರಕ್ಕಾಗಿ ಸಂಘ-ಸಂಸ್ಥೆಗಳು ಬೇರೆ ಬೇರೆ ಮನವಿ ಕೊಡುವ ಬದಲು ಒಂದೇ ಮನವಿಗೆ ಎಲ್ಲರೂ ಸಹಿ ಹಾಕಿದರೆ ಅದಕ್ಕೆ ತೂಕ ಬಂದೀತು.

ಸರ್ಕಾರವನ್ನು ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕ್ಕಿಂಗ್ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿಯಿತು. ಬುಕ್ಕಿಂಗ್ ತೆರೆಯುವ ಬೆಳಿಗ್ಗೆಯೇ ಜನ ಸಿದ್ಧರಿರಬೇಕು. ಆದರೆ ಊರಿನ ಉತ್ಸವದ ಆಮಂತ್ರಣ ತಿಂಗಳಿರುವಾಗ ಮುಂಬಯಿಗೆ ಬಂದರೆ ರೈಲು ಅಷ್ಟರಲ್ಲಿ ಭರ್ತಿಯಾಗಿರುತ್ತದೆ. ದೇವಸ್ಥಾನಗಳ ಮುಂಬಯಿ ಸಮಿತಿಗಳು, ಜಾತೀಯ ಸಂಘಗಳು, ಕಲಾಬಳಗಗಳು ಕಾರ್ಯಕ್ರಮದ ದಿನಾಂಕವನ್ನು ಮೂರು ತಿಂಗಳ ಮೊದಲೇ ತಿಳಿಸಿದರೆ ಎಷ್ಟೋ ಮನೆಯವರು ಒಟ್ಟಾಗಿ ರೈಲು ಹತ್ತಿಯಾರು.

ಊರಿನಿಂದ ಸಾವಿನ ಸುದ್ದಿ ಬಂದಾಗ ವಿಮಾನ ಬೇಕೇ ಬೇಕು. ಮಗ ಬರುವವರೆಗೆ ಹೆಣ ಕಾಯುತ್ತದೆ. ವಿಮಾನ ಅಂಥ ತುರ್ತಿಗಿರಲಿ. ನೇಮಕ್ಕೂ ಮದುವೆಗೂ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಒಂದೇ ಬೋಗಿಯಲ್ಲಿ ಊರಿಗೆ ಹೋಗಿಬರುವಷ್ಟು ಸೀಟು ರೈಲಿನಲ್ಲಿ ಸಿಗಲಿ.