ಸೆಕೆಂಡ್ ಶೋ ಬಿಟ್ಟ ಮೇಲೆ ರಸ್ತೆಯಲ್ಲಿ ಯಾರಿರ್ತಾರೆ?

ಸಿನಿಮಾ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್ 12ರಂದು ನಿಯಮ ತಂದಾಗ ನಮ್ಮ ಆಫೀಸಿನ ಕ್ಯಾಂಟೀನ್‌ನಲ್ಲಿ ಎರಡು ಪಕ್ಷ ಆದವು. ‘ಸದ್ಯ, ಇನ್ಮೇಲೆ ಮನೆಮಂದಿನೆಲ್ಲ ಕರ್ಕೊಂಡು ಹೋಗ್ಬಹುದು’ ಅಂತ ಒಂದು ಪಕ್ಷ. ‘ಹೀಗೆ ದರ ಇಳಿಸಿದ್ರೆ ಎಸಿನೂ ಇರಲ್ಲ, ಸೌಂಡೂ ಇರಲ್ಲ’ ಅಂತ ಇನ್ನೊಂದು. ವಾದ ಮುಗಿಯೋಕೆ ಮೊದಲೇ, ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ದರ ನಿಗದಿ ಮಾಡೋದು ನಮ್ಮ ವ್ಯಾಪಾರದ ಹಕ್ಕು ಅನ್ನೋದು ಮಲ್ಟಿಪ್ಲೆಕ್ಸ್‌ನವರ ವಾದ. 2017ರಲ್ಲೂ ಇದೇ 200ರ ಆದೇಶ ಬಂದು, ಕೋರ್ಟ್ ಮೆಟ್ಟಿಲು ಹತ್ತಿತ್ತು. ಪಕ್ಕದ ತಮಿಳುನಾಡು, ಆಂಧ್ರ, ತೆಲಂಗಾಣಗಳಲ್ಲಿ ಸರ್ಕಾರವೇ ಗರಿಷ್ಠ ದರ ಹೇಳುತ್ತೆ. ನಮ್ಮಲ್ಲಿ ಮಾತ್ರ ಎಂಟು ವರ್ಷವಾದರೂ ಅದೇ ಅಂಕಿ ಹಿಡ್ಕೊಂಡು ನಿಂತಿದ್ದೇವೆ.

ಆ 200 ಕೂಡ ತೆರಿಗೆ ಬಿಟ್ಟು. 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 236. ಅಪ್ಪ, ಅಮ್ಮ, ಎರಡು ಮಕ್ಕಳು ಅಂದ್ರೆ 944. ಆ್ಯಪ್‌ನವರ ಶುಲ್ಕ, ಪಾಪ್‌ಕಾರ್ನ್ ಬೇರೆ. ‘ಅಗ್ಗ’ದ ಲೆಕ್ಕವೇ ಇದು! ಈಗ ಮಿತಿ ಇಲ್ಲದ ಶನಿವಾರ ರಾತ್ರಿಯ ಲೆಕ್ಕ ನಿಮ್ಮ ಫೋನಿನಲ್ಲೇ ಇದೆ, ನಾನು ಹೇಳಬೇಕಾಗಿಲ್ಲ.

ಆದರೆ ನಾನು ಬರೆಯಲು ಕೂತಿದ್ದು ಜೇಬಿನ ವಿಷಯಕ್ಕಲ್ಲ. ಟಿಕೆಟ್ ದರ ಬರೀ ಒಳಗೆ ಯಾರು ಕೂರ್ತಾರೆ ಅನ್ನೋದನ್ನ ತೀರ್ಮಾನಿಸಲ್ಲ. ರಾತ್ರಿ ಹನ್ನೆರಡೂವರೆಗೆ ಹೊರಗಿನ ರಸ್ತೆಯಲ್ಲಿ ಯಾರು ನಡೀತಾರೆ ಅನ್ನೋದನ್ನೂ ತೀರ್ಮಾನಿಸುತ್ತೆ. ಈ ಮಾತು ಕ್ಯಾಂಟೀನ್‌ನಲ್ಲಿ ಯಾರೂ ಎತ್ತಲಿಲ್ಲ. ಎಲ್ಲರೂ ಕ್ಯಾಬಿನಲ್ಲಿ ಮನೆಗೆ ಹೋಗೋರು.

ನಾನಿರೋದು ಮಾಗಡಿ ರಸ್ತೆಯ ಒಳಗಿನ ಒಂದು ಅಡ್ಡರಸ್ತೆಯಲ್ಲಿ, ಬಾಡಿಗೆಗೆ. ಈ ಭಾಗ ಮಿಲ್ಲುಗಳ ಕಾಲದ ಬೆಂಗಳೂರು. ಒಂದು ಕಡೆ ಬಿನ್ನಿ ಮಿಲ್, ಇನ್ನೊಂದು ಕಡೆ ಮಿನರ್ವ ಮಿಲ್. ಎರಡೂ ಮುಚ್ಚಿದವು, ಎರಡೂ ಜಾಗದಲ್ಲಿ ಗೋಪುರದಂಥ ಅಪಾರ್ಟ್‌ಮೆಂಟ್‌ಗಳು ಎದ್ದವು. 2015ರಲ್ಲಿ ಮೆಟ್ರೊ ಬಂತು, ಆಮೇಲೆ ಮಾಲ್. ಮಿಲ್ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಇನ್ನೂ ಹಿಂದಿನ ಗಲ್ಲಿಗಳಲ್ಲಿದ್ದಾರೆ. ಬಾಡಿಗೆ ಏರಿದ ಹಾಗೆ ಒಬ್ಬೊಬ್ಬರೇ ಸುಂಕದಕಟ್ಟೆ ಕಡೆಗೆ, ಅದರಾಚೆಗೆ ಹೋಗ್ತಿದ್ದಾರೆ. ಅವರು ಬಿಟ್ಟ ಮನೆಗಳಿಗೆ ನನ್ನಂಥವರು ಬರ್ತೀವಿ. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಬಂದದ್ದೂ ಇದೇ ಕತೆ.

ಇಲ್ಲಿ ಹಳಬರು ದಾರಿ ಹೇಳೋದು ಇವತ್ತಿಗೂ ಪ್ರಸನ್ನ, ವೀರೇಶ್, ಅಂಜನ್ ಅಂತ ಟಾಕೀಸುಗಳ ಲೆಕ್ಕದಲ್ಲೇ. ಕೆಳಗಿನ ಮನೆಯ ಆಂಟಿ ಸಿಕ್ಕಾಗೆಲ್ಲ ಒಂದು ವಿಷಯ ಹೇಳ್ತಾರೆ. ಸೆಕೆಂಡ್ ಶೋ ಬಿಟ್ಟರೆ ಐನೂರು ಆರುನೂರು ಜನ ಒಂದೇ ಸಲ ರಸ್ತೆಗೆ ಬೀಳೋರು. ಮಲಗಿದ ಮಗುವನ್ನ ಹೆಗಲಿಗೆ ಹಾಕ್ಕೊಂಡು ನಡೆಯೋರು. ಎಗ್‌ರೈಸ್ ಗಾಡಿ, ಬಾಳೆಹಣ್ಣು, ಬೀಡಾ ಅಂಗಡಿ, ಸಾಲಾಗಿ ಆಟೊ. ಅರ್ಧ ಮೈಲಿಯವರೆಗೂ ಮುಂದೆ ಯಾರೋ, ಹಿಂದೆ ಯಾರೋ ಇದ್ದೇ ಇರೋರು. ಅಗ್ಗದ ಟಿಕೆಟ್‌ಗೆ ಬರೋರು ಸುತ್ತಲ ಒಂದೆರಡು ಕಿಲೋಮೀಟರಿನವರು, ಹಾಗಾಗಿ ನಡೆದೇ ಹೋಗೋರು.

ಮಾಲಿನ ಕೊನೆ ಶೋ ಬಿಡೋದನ್ನ ನೋಡಿ. ಜನ ಲಿಫ್ಟಿಗೆ ಹೋಗ್ತಾರೆ, ಲಿಫ್ಟಿಂದ ಬೇಸ್‌ಮೆಂಟಿಗೆ, ಬೇಸ್‌ಮೆಂಟಿಂದ ಕಾರಲ್ಲಿ ಸೀದಾ ಮುಖ್ಯರಸ್ತೆಗೆ. ಅಷ್ಟು ಹೊತ್ತಿಗೆ ಎದುರಿನ ಗಾಜಿನ ಬಾಗಿಲು ಹಾಕಿರುತ್ತೆ. ಇನ್ನೂರೈವತ್ತು ಜನ ಸಿನಿಮಾ ನೋಡಿದ್ದಾರೆ, ಫುಟ್‌ಪಾತ್ ಮೇಲೆ ಇಬ್ಬರೂ ಇಲ್ಲ.

ಹಳೇದೆಲ್ಲ ಬಂಗಾರ ಅಂತ ನಾನು ಹೇಳ್ತಿಲ್ಲ, ಅಂಥ ಲೇಖನ ನನಗೂ ಬೇಜಾರು. ಗಾಂಧಿ ಕ್ಲಾಸಿನ ಶಿಳ್ಳೆಯ ಜತೆಗೆ ಏನೇನು ಬರ್ತಿತ್ತು ಅಂತ ನಮ್ಮಮ್ಮನ ತಲೆಮಾರಿನ ಹೆಂಗಸರನ್ನ ಕೇಳಬೇಕು. ಕೈ ತಾಗಿಸೋರು, ಬ್ಲ್ಯಾಕ್ ಟಿಕೆಟ್ ನೂಕುನುಗ್ಗಲು. ಗಂಡಸರ ಜತೆ ಇಲ್ಲದೆ ಹೆಂಗಸರು ಹೋಗ್ತಿದ್ದದ್ದು ಮ್ಯಾಟಿನಿಗೆ, ಹೆಚ್ಚಂದ್ರೆ ಫಸ್ಟ್ ಶೋಗೆ. ಒಬ್ಬಳೇ ಹುಡುಗಿ ರಾತ್ರಿ ಹತ್ತರ ಶೋಗೆ ಹೋಗಿ ಕೂರೋದು ಮಲ್ಟಿಪ್ಲೆಕ್ಸ್ ಬಂದ ಮೇಲೆ ಸಾಧ್ಯವಾದದ್ದು. ನಾನೇ ಹೋಗ್ತೀನಿ. ನಂಬರ್ ಇರೋ ಸೀಟು, ಕ್ಲೀನಾದ ಟಾಯ್ಲೆಟ್, ಕರೆದರೆ ಬರೋ ಗಾರ್ಡ್, ಇವಕ್ಕೆ ಬೆಲೆ ಇದೆ, ಕೊಡೋಣ. ಆದರೆ ನಾವು ಕೊಟ್ಟ ದುಡ್ಡಿನ ಸುರಕ್ಷತೆ ಗೇಟಿನ ತನಕ ಮಾತ್ರ. ಗೇಟಿನಾಚೆ ಇದ್ದ ಸುರಕ್ಷತೆ ಜನರಿಂದ ಬರ್ತಿತ್ತು, ಆ ಜನರಿಗೇ ಈಗ ಒಳಗೆ ಜಾಗ ಇಲ್ಲ.

ಜಾಗ ಇಲ್ಲ ಅನ್ನೋದು ಬರೀ ಮಾತಲ್ಲ. 2024ರ ಜುಲೈನಲ್ಲಿ ಇದೇ ಮಾಗಡಿ ರಸ್ತೆಯ ಮಾಲಿನಲ್ಲಿ, ಮಗನ ಜತೆ ಸಿನಿಮಾಕ್ಕೆ ಬಂದಿದ್ದ ಹಾವೇರಿ ಕಡೆಯ ರೈತರೊಬ್ಬರನ್ನ ಪಂಚೆ ಉಟ್ಟಿದ್ದಾರೆ ಅಂತ ತಡೆದಿದ್ದು ರಾಜ್ಯಕ್ಕೆಲ್ಲ ಗೊತ್ತು. ಟಿಕೆಟ್ ಇತ್ತು, ಆದರೂ ತಡೆದರು. ವಿಧಾನಸಭೆಯಲ್ಲಿ ಗಲಾಟೆಯಾಗಿ, ಏಳು ದಿನ ಮಾಲ್ ಮುಚ್ಚಿಸಬೇಕಾಯ್ತು. ಪಂಚೆಯ ವಿಷಯಕ್ಕೆ ಸಿಟ್ಟು ಬರೋದು ಸುಲಭ. 400 ರೂಪಾಯಿ ಟಿಕೆಟ್ ಇದೇ ಕೆಲಸವನ್ನ ದಿನಾ ಗದ್ದಲವಿಲ್ಲದೆ ಮಾಡುತ್ತೆ, ಅದಕ್ಕೆ ಯಾರೂ ಧರಣಿ ಕೂರಲ್ಲ.

ನಮ್ಮ ಮಹಡಿಯ ಕೊನೆ ರೂಮಿನಲ್ಲಿ ತುಮಕೂರು ಕಡೆಯ ಹುಡುಗಿ ಇದ್ದಾಳೆ. ನಗರದ ಬೇರೊಂದು ಕಡೆಯ ಮಲ್ಟಿಪ್ಲೆಕ್ಸ್‌ನಲ್ಲಿ ಪಾಪ್‌ಕಾರ್ನ್ ಕೌಂಟರ್ ಕೆಲಸ. ಕೊನೆ ಶೋ ಇಂಟರ್ವಲ್ ಆದ ಮೇಲೆ ಮೆಷಿನ್ ತೊಳೆದು, ಲೆಕ್ಕ ಒಪ್ಪಿಸಿ ಹೊರಡುವಾಗ ಮೆಟ್ರೊದ ಕೊನೆ ರೈಲು ಹೋಗಿರುತ್ತೆ. ಇಬ್ಬರು ಮೂವರು ಸೇರಿ ಆಟೊ ಮಾಡ್ತಾರೆ, ಮುಖ್ಯರಸ್ತೆಯಲ್ಲಿ ಇಳ್ಕೊಂಡು ಇವಳು ನಡ್ಕೊಂಡು ಬರ್ತಾಳೆ. ‘ಫೋನ್ ಕಿವಿಗಿಟ್ಕೊಂಡು ಅಣ್ಣನ ಜತೆ ಮಾತಾಡೋ ಥರ ಬರ್ತೀನಿ ಅಕ್ಕ. ಬ್ಯಾಟರಿ ಸತ್ತಿದ್ರೂ’ ಅಂದಳು. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ವಾಹನ ವ್ಯವಸ್ಥೆ ಮಾಡಬೇಕು ಅಂತ ಸರ್ಕಾರದ ಷರತ್ತು ಇದೆ. ಹಾಗಂತ ಹೇಳಿದೆ. ‘ಕೇಳಿದ್ರೆ ಬೆಳಗಿನ ಶಿಫ್ಟ್ ತಗೋ ಅಂತಾರೆ. ಅದ್ರಲ್ಲಿ ಇನ್ಸೆಂಟಿವ್ ಇಲ್ಲ’ ಅಂದಳು.

ನನ್ನ ಕ್ಯಾಬಿನ ಕತೆ ಬೇರೆ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳ ಕೊಲೆಯಾಯ್ತು. ಕೊಂದವನು ಅವಳನ್ನ ಕೆಲಸಕ್ಕೆ ಕರೆದೊಯ್ತೀನಿ ಅಂತ ಬಂದ ಕ್ಯಾಬ್ ಚಾಲಕ. ಆಮೇಲೆ ಐಟಿ ಕಂಪನಿಗಳು ಬಿಗಿಯಾದವು. ಚಾಲಕರ ಪೊಲೀಸ್ ಪರಿಶೀಲನೆ, ಜಿಪಿಎಸ್, ರಾತ್ರಿ ಜತೆಗೊಬ್ಬ ಗಾರ್ಡ್, ಮನೆ ತಲುಪಿದ್ರಾ ಅಂತ ಕರೆ. ನಾನು ಮನೆ ಬಾಗಿಲಲ್ಲಿ ಇಳಿಯೋ ಅದೇ ರಸ್ತೆಗೆ, ಇಪ್ಪತ್ತು ನಿಮಿಷ ತಡವಾಗಿ ಅವಳು ನಡ್ಕೊಂಡು ಬರ್ತಾಳೆ.

ಅವಳು ಧೈರ್ಯಕ್ಕೆ ಲೆಕ್ಕ ಹಾಕ್ತಿದ್ದದ್ದು ತಿರುವಿನ ಎಗ್‌ರೈಸ್ ಗಾಡಿಯನ್ನ. ಅಲ್ಲಿ ಒಂದು ಗಂಟೆಯವರೆಗೂ ಒಲೆ ಉರೀತಿತ್ತು, ನಾಲ್ಕು ಆಟೊದವರು ನಿಂತಿರೋರು. ಆರು ತಿಂಗಳ ಹಿಂದೆ ಗಾಡಿ ಎತ್ತಿಸಿದರು. ದೂರು ಕೊಟ್ಟಿದ್ದು ಹೊಸ ಅಪಾರ್ಟ್‌ಮೆಂಟ್ ಒಂದರ ನಿವಾಸಿಗಳು. ಕಾರಣ: ರಾತ್ರಿ ಹೊತ್ತು ಗಂಡಸರು ಗುಂಪು ಸೇರ್ತಾರೆ, ಸುರಕ್ಷತೆಗೆ ಧಕ್ಕೆ. ಈಗ ಅಲ್ಲಿ ಯಾರೂ ಇಲ್ಲ, ಒಂದು ಕ್ಯಾಮೆರಾ ಇದೆ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ನಗರಕ್ಕೆ ಸಾವಿರಾರು ಕ್ಯಾಮೆರಾ ಬಂದಿವೆ, ಒತ್ತಿದರೆ ಪೊಲೀಸರಿಗೆ ಸಂಪರ್ಕ ಸಿಗೋ ‘ಸುರಕ್ಷಾ ದ್ವೀಪ’ಗಳೂ ಇವೆ. ಬೇಕು, ಬೇಡ ಅನ್ನಲ್ಲ. ಆದ್ರೆ ಕ್ಯಾಮೆರಾ ನಡೆದದ್ದನ್ನ ನಾಳೆ ತೋರಿಸುತ್ತೆ. ಎಗ್‌ರೈಸ್‌ನವನು ‘ಏಯ್, ಯಾರೋ ಅದು?’ ಅಂತ ಆಗಲೇ ಕೇಳ್ತಾನೆ.

ಹಾಗಂತ ಟಿಕೆಟ್ 200 ಆದ ಮರುದಿನವೇ ರಸ್ತೆ ತುಂಬಿಬಿಡುತ್ತೆ ಅಂತಲ್ಲ. ಒಂಟಿ ಪರದೆಯ ಟಾಕೀಸುಗಳು ಸಾಯ್ತಿರೋದು ಟಿಕೆಟ್ ದರಕ್ಕಿಂತ ಹೆಚ್ಚಾಗಿ ಕಾಲ ಕೆಳಗಿನ ಜಾಗದ ಬೆಲೆಯಿಂದ. 1968ರಲ್ಲಿ ಶುರುವಾದ ಕಪಾಲಿ 2017ರಲ್ಲಿ ಮುಚ್ಚಿತು, 2018ರ ಕೊನೆಗೆ ಬ್ರಿಗೇಡ್ ರಸ್ತೆಯ ರೆಕ್ಸ್, 2024ರಲ್ಲಿ ಸ್ಯಾಂಕಿ ರಸ್ತೆಯ ಕಾವೇರಿ. ಕಪಾಲಿ ಇದ್ದ ಜಾಗದಲ್ಲಿ ಮತ್ತೆ ಮಾಲ್, ಅದರಲ್ಲಿ ಮತ್ತೆ ಮಲ್ಟಿಪ್ಲೆಕ್ಸ್. ಇನ್ನು 200ರ ನಿಯಮದಲ್ಲಿ ಒಂದು ಕಿಂಡಿಯೂ ಇದೆ: 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ, ವಿಶೇಷ ಸೌಲಭ್ಯದ ಪರದೆಗಳಿಗೆ ಮಿತಿ ಅನ್ವಯಿಸಲ್ಲ. ಮಾಲ್‌ನವರು ದೊಡ್ಡ ಹಾಲನ್ನ ಒಡೆದು ಸೋಫಾ ಹಾಕಿದರೆ ಜನ ಇನ್ನೂ ಕಡಿಮೆ, ಕಾರು ಇನ್ನೂ ಜಾಸ್ತಿ.

ಆದರೂ ಮಿತಿ ಬೇಕು ಅಂತಲೇ ನನ್ನ ಪಕ್ಷ. ಹಿಂದಿನ ಗಲ್ಲಿಯ ಹತ್ತು ಮನೆಯವರು ರಾತ್ರಿ ಶೋಗೆ ಬಂದರೆ ಆ ಹತ್ತು ಮನೆಯವರು ನಡೆದು ವಾಪಸ್ ಹೋಗ್ತಾರೆ. ಜತೆಗೆ ಸರ್ಕಾರ ಲೈಸೆನ್ಸ್ ಕೊಡುವಾಗ ಇನ್ನೆರಡು ವಿಷಯ ಕೇಳಬಹುದು. ಕೊನೆ ಶೋ ಬಿಟ್ಟ ಮೇಲೆ ರಸ್ತೆ ಕಡೆಯ ಮುಖ್ಯ ಬಾಗಿಲು ತೆರೆದಿರಬೇಕು, ದೀಪ ಉರೀತಿರಬೇಕು, ಆಟೊ ನಿಲ್ಲೋಕೆ ಜಾಗ ಇರಬೇಕು. ಮತ್ತೆ, ಕೌಂಟರಿನ ಹುಡುಗಿಯರಿಗೆ ಗಾಡಿ ಇದೆಯಾ ಅಂತ ರಿಜಿಸ್ಟರ್ ತೆಗೆಸಿ ನೋಡಬೇಕು. ಇದಕ್ಕೆ ಯಾವ ಹೊಸ ಕಾನೂನೂ ಬೇಡ.

ಗಾಡಿಯ ವಿಷಯಕ್ಕೆ ನಾವು ಒಂದಷ್ಟು ಜನ ಅರ್ಜಿ ಬರೆದಿದ್ದೇವೆ. ಬೆಂಗಳೂರಲ್ಲಿ ಹೋಟೆಲ್, ಬಾರ್ ರಾತ್ರಿ ಒಂದರವರೆಗೆ ತೆರೀಬಹುದು ಅಂತ 2024ರಲ್ಲಿ ಸರ್ಕಾರವೇ ಆದೇಶ ಮಾಡಿದೆ, ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ, ಎರಡನ್ನೂ ಸೇರಿಸಿ ಬರೆದೆವು. 41 ಸಹಿ ಆಗಿದೆ. ಅಪಾರ್ಟ್‌ಮೆಂಟ್ ಕಡೆಯಿಂದ ಆರು. ಆರರಲ್ಲಿ ನಾಲ್ಕು ಹೆಂಗಸರದು, ಮೂವರು ನನ್ನ ಹಾಗೆ ಕ್ಯಾಬಿನಲ್ಲಿ ಬರೋರು. ಸೋಮವಾರ ಕಚೇರಿಗೆ ಕೊಡೋಕೆ ಹೋಗ್ತಿದ್ದೇವೆ, ಎಗ್‌ರೈಸಿನವರೂ ಬರ್ತೀನಿ ಅಂದಿದ್ದಾರೆ.