ಕೆರೆಗೆ ಗಾಳ ಹಾಕುವ ಮುನ್ನ

ಸುಗ್ಗಿ ಮುಗಿದು ಕೈ ಬಿಡುವಾದಾಗ ನಾಲ್ವರು ಗೆಳೆಯರು ಕೂಡಿ ಕೆರೆಯ ದಡದಲ್ಲಿ ಗಾಳ ಹಿಡಿದು ಕೂರುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಕೂರಿ, ಬೇಡವೆನ್ನುವವನು ನಾನಲ್ಲ. ಆದರೆ ರೈತ ಬಾಂಧವರೇ, ಮೀನು ಯಾರದೆಂದು ಮೊದಲು ವಿಚಾರಿಸಿ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. ಕೆರೆಯಲ್ಲಿರುವುದು ಯಾರೋ ಹಣ ತೆತ್ತು ತಂದು ಬಿಟ್ಟ ಮರಿ. ಗುತ್ತಿಗೆ ಹಿಡಿದವರನ್ನೋ ಮೀನುಗಾರರ ಸಂಘದವರನ್ನೋ ಕೇಳಿಯೇ ಗಾಳ ಹಾಕಿ. ಬೆರಳುದ್ದದ ಮರಿ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ನೀರಿಗೇ ಬಿಡಿ.

ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಬೆಂಡನ್ನು ಅದಕ್ಕೆ ತಕ್ಕಂತೆ ಕಟ್ಟಿ. ಜಿಲೇಬಿಯ ಮಾತು ಬೇರೆ. ಅದು ಕೆರೆಯಲ್ಲೇ ಮರಿ ಮಾಡಿ ಗಿಜಿಗುಟ್ಟುತ್ತದೆ, ಉಳಿದ ಮೀನಿನ ಮೇವಿಗೆ ಪಾಲುಗಾರನಾಗುತ್ತದೆ. ಚಿಕ್ಕದಾದರೂ ಬುಟ್ಟಿಗೆ ಹಾಕಿ.

ನೀರಿನ ಮೇಲೆ ಕೆಂಪು ಮರಿಗಳ ಗುಂಪು ಸುಳಿದಾಡಿದರೆ ಕೆಳಗೆ ಕೊರವ ಕಾವಲಿದೆಯೆಂದು ತಿಳಿಯಿರಿ. ಅಲ್ಲಿ ಗಾಳ ಇಳಿಸಬೇಡಿ. ಕಾವಲು ತಪ್ಪಿದರೆ ಮರಿಗಳು ಬೇರೆ ಮೀನಿನ ಪಾಲು.

ಹೂಳೆತ್ತಿದ ಗುಂಡಿ ನೀರು ತುಂಬಿದ ಮೇಲೆ ಕಾಣುವುದಿಲ್ಲ. ಗಾಳ ಸಿಕ್ಕಿಕೊಂಡರೆ ಬಿಡಿಸಲು ನೀರಿಗಿಳಿಯಬೇಡಿ, ದಾರ ಕತ್ತರಿಸಿ. ದಡದಲ್ಲಿ ಬಿದ್ದ ನೈಲಾನ್ ತುಂಡುಗಳನ್ನು ದನ ಮೇಯುವಾಗ ನುಂಗದಂತೆ ಆಯ್ದು ತನ್ನಿ.